ಇಸಿಲಕ್ಕೆ ಬಂದ ಓಲೆ

ಚಪಡ ಎಂಬೊಬ್ಬ ಲಿಪಿಕಾರನಿದ್ದ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ತಾಣಗಳು ಒಂದಕ್ಕೊಂದು ಹತ್ತಿರದಲ್ಲೇ ಇವೆ. ಮೂರರಲ್ಲೂ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರು: ಚಪಡ. ಅಲ್ಲಿಯವರೆಗೆ ಎಡದಿಂದ ಬಲಕ್ಕೆ ಸಾಗಿಬಂದ ಬ್ರಾಹ್ಮಿ ಅಲ್ಲಿಗೆ ನಿಲ್ಲುತ್ತದೆ. ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಕಟ್ಟಕಡೆಯ ಪದವನ್ನು ಮಾತ್ರ ಚಪಡ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ.

ಖರೋಷ್ಠಿ ಗಾಂಧಾರದ ಲಿಪಿ. ಈಗಿನ ಪಾಕಿಸ್ತಾನದ ವಾಯವ್ಯ ಮೂಲೆಯ ಶಹಬಾಜ್‌ಗಢಿ, ಮಾನ್ಸೆಹ್ರಾಗಳಲ್ಲಿ ಅಶೋಕನ ಶಾಸನಗಳು ಇಡಿಯಾಗಿ ಅದರಲ್ಲೇ ಇವೆ. ಅಲ್ಲಿಂದ ಬ್ರಹ್ಮಗಿರಿಗೆ ನೆಟ್ಟನೆ ಗೆರೆ ಎಳೆದರೂ ಎರಡು ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಷ್ಟು ದೂರವನ್ನು ಆ ಲಿಪಿ ಒಬ್ಬ ಮನುಷ್ಯನ ಕೈಯಲ್ಲಿ ಕೂತು ದಾಟಿತ್ತು. ಚಪಡ ಗಾಂಧಾರದಲ್ಲೇ ಹುಟ್ಟಿದವನೋ, ಆ ಕಡೆ ಕೆಲಸ ಮಾಡಿ ಬಂದವನೋ, ಅಂತೂ ಆ ಅಕ್ಷರ ಅವನ ಕೈಗೆ ಒಗ್ಗಿತ್ತು. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಯಾರಿದ್ದಾರು? ಓದುವವರಿಲ್ಲದ ಕಡೆ ಒಂದು ಪದವನ್ನು ಒಮ್ಮೆಯಲ್ಲ, ಮೂರು ಬಂಡೆಗಳ ಮೇಲೂ ಅವನು ಬರೆದ. ಕಸುಬಿನ ಹೆಮ್ಮೆ ಇರಬಹುದು. ನನಗೇಕೋ ಅದರಲ್ಲಿ ಊರಿನ ನೆನಪು ಹೆಚ್ಚು ಕಾಣುತ್ತದೆ. ರಾಜನ ಮಾತಿಗೆ ರಾಜ್ಯದ ಲಿಪಿ ಬಳಸಿ, ತನ್ನ ಕಸುಬನ್ನು ಹೇಳುವಾಗ ಮಾತ್ರ ಅವನ ಕೈ ತನ್ನ ದಾರಿಗೆ ತಿರುಗಿತು.

ಶಾಲೆಯ ಚರಿತ್ರೆಯ ಪುಸ್ತಕದ ಭೂಪಟದಲ್ಲಿ ಮೌರ್ಯ ಸಾಮ್ರಾಜ್ಯಕ್ಕೆ ಒಂದೇ ಬಣ್ಣ ಬಳಿದಿರುತ್ತಾರೆ. ಹಿಂದೂಕುಷ್‌ನಿಂದ ಹಿಡಿದು ನಮ್ಮ ತುಂಗಭದ್ರೆಯ ಆಚೆಯವರೆಗೆ ಎಲ್ಲೂ ತೆಳುವಾಗದ ಬಣ್ಣ. ಆ ಬಣ್ಣ ನೋಡಿ ನೋಡಿ ಆಳ್ವಿಕೆಯೆಂದರೆ ನೆಲದ ಮೇಲೆ ಸಮನಾಗಿ ಹರಡಿಕೊಳ್ಳುವ ವಸ್ತು ಎಂಬ ಭಾವನೆ ಬೆಳೆದುಬಿಡುತ್ತದೆ. ಪಾಟಲಿಪುತ್ರದಲ್ಲಿ ಕೂತ ಅರಸ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ದೂರದ ಈ ಬಂಡೆಗಾಡನ್ನು ನಿಜವಾಗಿ ಆಳಿದ್ದು ಹೇಗೆ? ಬ್ರಹ್ಮಗಿರಿಯ ಶಾಸನವೇ ಇದಕ್ಕೆ ತಕ್ಕಮಟ್ಟಿಗೆ ಉತ್ತರ ಕೊಡುತ್ತದೆ. ಅದು ಅಪ್ಪಣೆಯಿಂದ ಶುರುವಾಗುವುದಿಲ್ಲ. ಸುವರ್ಣಗಿರಿಯ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಈ ಸೀಮೆಯ ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ. ದೇವಾನಾಂಪ್ರಿಯನ, ಅಂದರೆ ಅಶೋಕನ, ಮಾತು ಬರುವುದು ಆಮೇಲೆ. ಅರಸನಿಂದ ದಕ್ಷಿಣದ ರಾಜಕುಮಾರನಿಗೆ, ಅಲ್ಲಿಂದ ಇಸಿಲದ ಅಧಿಕಾರಿಗಳಿಗೆ, ಅವರಿಂದ ಚಪಡನ ಕೈಗೆ ಬಂದ ಓಲೆ ಅದು. ಕಲ್ಲಿಗೆ ಇಳಿಸುವಾಗ ಮೇಲಿನ ಕುಶಲಪ್ರಶ್ನೆಯನ್ನು ಯಾರೂ ಅಳಿಸಲಿಲ್ಲ. ಎರಡು ಕಚೇರಿಗಳ ನಡುವಿನ ಯೋಗಕ್ಷೇಮದ ಮಾತು ಹಾಗೇ ಕಲ್ಲಾಗಿ ಉಳಿಯಿತು. ಸಾಮ್ರಾಜ್ಯ ಎಂಬ ದೊಡ್ಡ ಮಾತಿನ ಒಳಗೆ ಇದ್ದದ್ದು ಇದು: ನಡೆದು ಬರುವ ಜನ, ಕೈಯಿಂದ ಕೈಗೆ ದಾಟುವ ಮಾತು.

ಓಲೆಯಲ್ಲಿ ಏನಿದೆ ಎಂಬುದು ಇನ್ನೂ ದೊಡ್ಡ ಸೋಜಿಗ. ಕಂದಾಯದ ಪ್ರಸ್ತಾಪವಿಲ್ಲ, ಗಡಿಯ ಮಾತಿಲ್ಲ, ಗೆದ್ದ ಯುದ್ಧಗಳ ಪಟ್ಟಿಯಿಲ್ಲ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಮೊದಲ ಒಂದು ವರ್ಷ ಅಷ್ಟೇನೂ ಶ್ರದ್ಧೆಯಿಂದ ಪ್ರಯತ್ನಿಸಲಿಲ್ಲ ಎಂದು ಅರಸ ಹೇಳಿಕೊಳ್ಳುತ್ತಾನೆ. ಭಿಕ್ಷುಗಳ ಸಂಘಕ್ಕೆ ಹತ್ತಿರವಾದ ಮೇಲೆ ಹೆಚ್ಚು ಶ್ರಮಿಸಿದೆ ಎನ್ನುತ್ತಾನೆ. ಇದರ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಮನಸ್ಸಿಟ್ಟರೆ ಸ್ವರ್ಗ ಸಿಕ್ಕೀತು ಎನ್ನುತ್ತಾನೆ. ತಂದೆತಾಯಿಯ ಮಾತು ಕೇಳಿ, ಗುರುಗಳನ್ನು ಗೌರವಿಸಿ, ಜೀವಿಗಳಲ್ಲಿ ದಯೆಯಿರಲಿ, ನಿಜ ನುಡಿಯಿರಿ ಎಂಬ ಮಾತುಗಳು ಇದರ ಹಿಂದೆ ಬರುತ್ತವೆ. ಅವನ್ನು ಯಾವ ಹಿರಿಯರೂ ಹೇಳಿಯಾರು. ಆದರೆ ತಾನು ಇನ್ನೂ ಕಲಿಯುತ್ತಿದ್ದೇನೆಂದು, ಮೊದಲ ವರ್ಷ ಹಿಂದೆ ಬಿದ್ದಿದ್ದೆನೆಂದು, ತಾನು ಕಂಡಿರದ ಊರಿನ ಜನರಿಗೆ ಹೇಳಿ ಕಳಿಸಿದ ಚಕ್ರವರ್ತಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಆಮೇಲಿನ ನಮ್ಮ ಶಾಸನಗಳಲ್ಲಿ ಅರಸರಿಗೆ ಬಿರುದುಗಳು ಸಾಲುಗಟ್ಟುತ್ತವೆ. ಅವುಗಳಲ್ಲೂ ಒಂದು ಸೊಗಸಿದೆ. ಆದರೆ ಹೀಗೆ ಮಾತಾಡಿದ ದೊರೆ ಮತ್ತೊಬ್ಬ ನನ್ನ ಕಣ್ಣಿಗೆ ಬಿದ್ದಿಲ್ಲ.

ಈ ಮಾತು ಜನರ ಕಿವಿಗೆ ಬಿದ್ದ ಬಗೆಯನ್ನು ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಆಂಧ್ರದ ಕರ್ನೂಲು ಭಾಗದ ಎರ್ರಗುಡಿಯ ಬಂಡೆಗಳು ಹೇಳುತ್ತವೆ. ರಜ್ಜುಕರೆಂಬ ಅಧಿಕಾರಿಗಳು ಭೇರಿ ಬಾರಿಸಿ ಜಾನಪದರಿಗೆ ತಿಳಿಸಬೇಕು. ಆನೆ ಏರುವವರಿಗೆ, ಕರಣಿಕರಿಗೆ, ರಥ ಹೊಡೆಯುವವರಿಗೆ, ಬ್ರಾಹ್ಮಣರಿಗೆ, ತಮ್ಮ ತಮ್ಮ ಶಿಷ್ಯರಿಗೆ ಇದನ್ನು ಕಲಿಸುವಂತೆ ಹೇಳಬೇಕು. ಪ್ರಾಕೃತದ ವಾಕ್ಯ ಅಲ್ಲಿಂದ ಮುಂದೆ ಈ ನೆಲದ ನುಡಿಗೆ ಇಳಿದಿರಲೇಬೇಕು. ಆ ನುಡಿಯ ಒಂದು ವಾಕ್ಯವೂ ಕಲ್ಲಿನ ಮೇಲಿಲ್ಲ. ಹಲ್ಮಿಡಿಯ ಕನ್ನಡ ಶಾಸನಕ್ಕೆ ಇನ್ನೂ ಏಳುನೂರು ವರ್ಷ ಕಾಯಬೇಕಿತ್ತು. ಬ್ರಹ್ಮಗಿರಿಯ ಬುಡದಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ಕಬ್ಬಿಣದ ಸಾಮಾನು, ಕಪ್ಪು-ಕೆಂಪು ಮಡಕೆ, ಸತ್ತವರಿಗಾಗಿ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಗೋರಿಗಳು ಕಂಡವು. ಬರೆಯುವ ರೂಢಿಯಿಲ್ಲದ, ಹಿರಿಯರ ಮೂಳೆಗಳನ್ನು ಜತನ ಮಾಡುತ್ತಿದ್ದ ಜನರ ನೆಲ ಇದು. ತಂದೆತಾಯಿಗೆ ವಿಧೇಯರಾಗಿರಿ ಎಂದು ಭೇರಿಯವನು ಸಾರಿದಾಗ, ಇದನ್ನು ನಮಗೆ ಹೊರಗಿನವರು ಹೇಳಬೇಕೇ ಎಂದು ಯಾರಾದರೂ ಅಂದುಕೊಂಡಿರಬಹುದು. ಶಾಸನವೂ ಇದು ಹಳೆಯ ಕಾಲದಿಂದ ಬಂದ ನಡವಳಿಕೆ ಎಂದೇ ಹೇಳುತ್ತದೆ.

ಆಮೇಲೆ ಬಹಳ ಕಾಲ ಆ ಅಕ್ಷರವನ್ನು ಓದುವವರೇ ಇಲ್ಲವಾದರು. ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡು ಎಂದು ಕರೆದರು. ಜಟಿಂಗ ರಾಮೇಶ್ವರದಲ್ಲಿ ಗುಡಿಯ ಮೆಟ್ಟಿಲ ಹತ್ತಿರದ ಹಾಸುಬಂಡೆಯ ಮೇಲೆ ಜಾತ್ರೆಗೆ ಬಂದ ಬಳೆಗಾರರು ಅಂಗಡಿ ಹರಡಿದರು. ಅದು ಬಳೆಗಾರ ಗುಂಡು ಎನಿಸಿಕೊಂಡಿತು, ಅಕ್ಷರಗಳು ಸವೆದವು. ಆ ಸವೆತವನ್ನು ನಾನು ಹಾನಿಯೆಂದಷ್ಟೇ ನೋಡಲಾರೆ. ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಅದರ ಮೇಲೆ ಕೂತು ಕೈ ಚಾಚಿ ಬಳೆ ತೊಡಿಸಿಕೊಂಡರೋ! 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಈ ಮೂರು ತಾಣಗಳ ಶಾಸನಗಳನ್ನೂ ಗುರುತಿಸಿದಾಗ ಮೌರ್ಯರ ಮಾತು ಇಷ್ಟು ದಕ್ಷಿಣಕ್ಕೆ ಬಂದಿತ್ತೆಂಬುದು ವಿದ್ವಾಂಸರಿಗೇ ಹೊಸ ಸುದ್ದಿ. 1915ರಲ್ಲಿ ಚಿನ್ನದ ಜಾಡು ಹಿಡಿದು ರಾಯಚೂರು ಸೀಮೆಯ ಮಸ್ಕಿಗೆ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಶಾಸನದಲ್ಲಿ ದೇವಾನಾಂಪ್ರಿಯನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಅರಸ ತನ್ನ ಹೆಸರು ಕೆತ್ತಿಸಿದ್ದು ಬೆರಳೆಣಿಕೆಯ ಕಡೆ ಮಾತ್ರ. ಮಸ್ಕಿ, ನಿಟ್ಟೂರು, ಉಡೆಗೋಳ ಅವುಗಳಲ್ಲಿ ಸೇರಿವೆ.

ಕಲಬುರಗಿ ಜಿಲ್ಲೆಯಲ್ಲಿ, ಭೀಮೆಯ ದಂಡೆಯ ಸನ್ನತಿಯಲ್ಲಿ, 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನವಿತ್ತು. ವಿಗ್ರಹ ನಿಲ್ಲಲೆಂದು ಅದರ ನಡುವೆ ತೂತು ಕೊರೆದಿದ್ದರು. ತನ್ನ ಪಂಥವನ್ನು ಹೊಗಳಲು ಇನ್ನೊಬ್ಬರ ಪಂಥವನ್ನು ಹಳಿಯಬೇಡಿ ಎಂಬ, ಅವನ ದೊಡ್ಡ ಬಂಡೆಶಾಸನಗಳ ಸಾಲಿನ ಹನ್ನೆರಡನೆಯ ಶಾಸನ ಅದರಲ್ಲಿದೆ. ಕಳಿಂಗದವರಿಗೆಂದು ಬರೆಸಿದ, ಪ್ರಜೆಗಳೆಲ್ಲರೂ ತನಗೆ ಮಕ್ಕಳ ಹಾಗೆ ಎನ್ನುವ ಶಾಸನವೂ ಇದೆ. ಆ ಮಾತು ದೇವಿಯ ಪಾದದ ಕೆಳಗೆ ಅಷ್ಟು ಕಾಲ ನೆಲೆಸಿತ್ತಲ್ಲ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅಲ್ಲೇ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಒಂದು ಮಹಾಸ್ತೂಪ ಹೊರಬಿತ್ತು. ಅದರ ಸುತ್ತಣ ಚಪ್ಪಡಿಗಳಲ್ಲಿ ಶಾತವಾಹನರ ಕಾಲದ ಶಿಲ್ಪಗಳಿವೆ, ಕೆಲವುಗಳ ಕೆಳಗೆ ಚಿಕ್ಕ ಬರಹವಿದೆ. ಶಾತವಾಹನ ಅರಸ ಶಾತಕರ್ಣಿ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಿದ್ದಾನೆ. ಅದೇ ವಂಶದ ಪುಳುಮಾವಿ ಉಜ್ಜಯಿನಿಯನ್ನೇ ಇನ್ನೊಬ್ಬನಿಗೆ ಕೊಟ್ಟುಬಿಡುತ್ತಿದ್ದಾನೆ. ಮಾಳವದ ಒಂದು ನಗರ ಕೈ ಬದಲಾಯಿಸಿದ ಸಂಗತಿಯನ್ನು ಭೀಮೆಯ ದಂಡೆಯ ಶಿಲ್ಪಿ ಕೆತ್ತುತ್ತಾನೆ! ಇವರ ನಡುವೆ ಇನ್ನೊಬ್ಬ ಅರಸ ರಾಣಿಯೊಂದಿಗೆ ನಿಂತಿದ್ದಾನೆ, ಹಿಂದೆ ಛತ್ರ ಚಾಮರ ಹಿಡಿದವರಿದ್ದಾರೆ. ಬರಹ ಹೇಳುತ್ತದೆ: ರಾಯ ಅಶೋಕ. ಆ ಹೊತ್ತಿಗೆ ಮೌರ್ಯರ ವಂಶ ಅಳಿದು ಇನ್ನೂರು ವರ್ಷಕ್ಕೂ ಮೇಲಾಗಿತ್ತು. ಅವರ ಅಪ್ಪಣೆಗೆ ಬದ್ಧರಾದವರು ಈ ಸೀಮೆಯಲ್ಲಿ ಯಾರೂ ಉಳಿದಿರಲಿಲ್ಲ. ಆಳುತ್ತಿದ್ದವರು ಶಾತವಾಹನರು, ಶಿಲ್ಪಕ್ಕೆ ದಾನ ಕೊಟ್ಟವರಿಗೂ ಉಳಿ ಹಿಡಿದವನಿಗೂ ಅಶೋಕನಿಂದ ಪಡೆಯಬೇಕಾದ್ದು ಏನೂ ಇರಲಿಲ್ಲ. ಹಾಗಿದ್ದೂ ಅವನಿಗೆ ಅಲ್ಲೊಂದು ಚಪ್ಪಡಿ ಕೊಟ್ಟರು, ತಮ್ಮ ದೊರೆಗಳ ಸಾಲಿನಲ್ಲೇ.