ಭಯವಿಲ್ಲದ ಕಲಿಕೆ

ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆಗಾಗಿ ದುಡಿದ ರುಕ್ಮಿಣಿದೇವಿ ಅರುಂಡೇಲ್ ಅವರ ಕರ್ಮಭೂಮಿ ಚೆನ್ನೈ. ಅಲ್ಲಿ ನಾಯಿಗೆ ಪಾಠ ಹೇಳುವವರು ಒಂದು ಪ್ರಶ್ನೆಯನ್ನು ಎದುರಿಸಲೇಬೇಕು: ಹೊಡೆಯದೆ ಬರೀ ಹೆದರಿಸಿದರೆ ಅದು ಹಿಂಸೆಯೇ? ಹೌದು, ಹಿಂಸೆಯೇ. ಪೋರ್ಚುಗಲ್‌ನಲ್ಲಿ 92 ನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಂಡನೆಯ ವಿಧಾನದಲ್ಲಿ ಕಲಿತ ನಾಯಿಗಳಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನು ಹೆಚ್ಚು ಏರಿತ್ತು. ಭಯದ ಗಾಯ ಚರ್ಮದ ಮೇಲೆ ಕಾಣದಿದ್ದರೂ ಮೈಯೊಳಗೆ ಇರುತ್ತದೆ.

ಹೆದರಿಸುವ ಬದಲು ತಿನಿಸು ಕೊಟ್ಟು ಕಲಿಸುವುದು ಲಂಚವೆಂಬ ಆಕ್ಷೇಪವಿದೆ. ಲಂಚ ತಪ್ಪು ಮಾಡಿಸಲು ಕೊಡುವುದು. ಇಲ್ಲಿ ತಿನಿಸು, ಸರಿಯಾದ ನಡೆ ಯಾವುದೆಂದು ಮಾತು ಬಾರದ ಜೀವಕ್ಕೆ ತಿಳಿಸುವ ಬಗೆ. ಹಾಗಾದರೆ ಶಿಸ್ತು ಬೇಡವೇ? ಬೇಕು. ಕಚ್ಚಲು ಹೋಗುವ ನಾಯಿಯನ್ನು ಹಗ್ಗದಿಂದ ತಡೆಯುವುದು ರಕ್ಷಣೆ, ನೋಯಿಸುವುದು ಬೇರೆ. ಬಲ ನಮ್ಮ ಕೈಯಲ್ಲಿದ್ದೂ ಅದನ್ನು ಬಳಸದೆ ಕಲಿಸುವುದೇ ಅಹಿಂಸೆಯ ನಿಜವಾದ ಪರೀಕ್ಷೆ.