ಶುಶ್ರೂಷೆಗೆ ಕರುಣೆಯೊಂದೇ ಸಾಕೆ?

ರೋಗಿಯ ಶುಶ್ರೂಷೆಯೆಂದೊಡನೆ ಜನರು ಕರುಣೆಯನ್ನು ಸ್ಮರಿಸುವರೇ ಹೊರತು ಜ್ಞಾನವನ್ನಲ್ಲ. ವೈದ್ಯರು ಬಲ್ಲವರು, ದಾದಿಯರು ಹೇಳಿದಂತೆ ಮಾಡುವವರು ಎಂಬ ಭಾವನೆ ಸಮಾಜದಲ್ಲಿ ಬೇರೂರಿದೆ. ಇದು ಎಷ್ಟರಮಟ್ಟಿಗೆ ಸರಿಯೆಂಬುದು ವಿಚಾರಾರ್ಹವಾದ ಪ್ರಶ್ನೆ.

ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಎಂಬ ಔಷಧಿಯನ್ನೇ ನೋಡಬಹುದು. ಅದು ಗುಣಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಅತ್ಯಲ್ಪ. ಆದುದರಿಂದ ಅದನ್ನು ಕೊಡುವ ಮುನ್ನ ಪೂರ್ತಿ 1 ನಿಮಿಷ ಹೃದಯಬಡಿತವನ್ನು ಎಣಿಸಬೇಕು; ವಯಸ್ಕರಲ್ಲಿ ಅದು 60ಕ್ಕಿಂತ ಕಡಿಮೆಯಿದ್ದರೆ ಔಷಧಿಯನ್ನು ತಡೆಹಿಡಿದು ವೈದ್ಯರಿಗೆ ತಿಳಿಸಬೇಕು ಎಂಬುದು ದಾದಿಯರು ಕಲಿಯುವ ಪಾಠ. ಚೀಟಿಯಲ್ಲಿ ಬರೆದಿದೆಯೆಂದು ಎಣಿಸದೆ ಕೊಟ್ಟರೆ ಆಜ್ಞೆಯ ಪಾಲನೆಯೇನೋ ಆಗುತ್ತದೆ. ಆದರೆ ರೋಗಿಯ ರಕ್ಷಣೆ ಆಗುವುದಿಲ್ಲ.

ಜ್ಞಾನವಿಲ್ಲದ ಕರುಣೆಯೂ ಹಾನಿಕರವಾಗಬಲ್ಲದು. ಮೇಲೇಳಲಾರದ ವೃದ್ಧರು ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದರೆ ಒತ್ತಡದಿಂದ ರಕ್ತಸಂಚಾರ ಕುಂದಿ ಹಾಸಿಗೆ ಹುಣ್ಣು ಏಳುತ್ತದೆ. 'ಪಾಪ, ಈಗತಾನೆ ನಿದ್ದೆ ಹತ್ತಿದೆ' ಎಂದು ಮನೆಯವರು ಸುಮ್ಮನಿರುವರು. ಬಲ್ಲ ದಾದಿಯು ಕೆಂಪಾದ ಚರ್ಮವನ್ನು ಬೆರಳಿನಿಂದ ಒತ್ತಿ ನೋಡುವಳು. ಒತ್ತಿದರೂ ಬಿಳಿಚದ ಕೆಂಪು ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣದು. ಅಲ್ಲಿ ಬಿಸಿಯನ್ನೂ ಗಡಸುತನವನ್ನೂ ಮುಟ್ಟಿಯೇ ತಿಳಿಯಬೇಕು. ನಿದ್ದೆ ಕೆಡಿಸಿ ಮಗ್ಗುಲು ಬದಲಿಸುವ ಕೈ ನಿಷ್ಠುರವೆಂದು ತೋರಿದರೂ ದಯೆಯಿರುವುದು ಅದರಲ್ಲಿಯೇ. ಆದರೆ ಅಂತ್ಯಕಾಲ ಸಮೀಪಿಸಿ, ಹೊರಳಿಸುವುದೇ ಅಸಹನೀಯ ನೋವಾಗುವ ರೋಗಿಯ ಬಳಿ ಅದೇ ದಾದಿಯು ನಿಯಮವನ್ನು ಸಡಿಲಿಸಬೇಕಾದೀತು. ನಿಯಮವನ್ನು ತಿಳಿದಿರುವುದು ಜ್ಞಾನ; ಈ ರೋಗಿಗೆ, ಈ ಗಳಿಗೆಯಲ್ಲಿ ಅದು ಹೊಂದುವುದೇ ಎಂದು ನಿರ್ಣಯಿಸುವುದು ವಿವೇಕ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಗಲು ಕಾರಣಳಾದ ಫ್ಲಾರೆನ್ಸ್ ನೈಟಿಂಗೇಲ್, ಶುಶ್ರೂಷೆಯನ್ನು ಕುರಿತ ತನ್ನ ಗ್ರಂಥದಲ್ಲಿ ರೋಗಿಯ ಅವಲೋಕನಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಳು. ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1984ರ ತಮ್ಮ ಕೃತಿಯಲ್ಲಿ, ಹೊಸಬರು ನಿಯಮಗಳನ್ನು ಹಿಡಿದು ನಡೆಯುವರು, ಪರಿಣತರು ಅನುಭವದ ಬಲದಿಂದ ಇಡೀ ಸನ್ನಿವೇಶವನ್ನೇ ಗ್ರಹಿಸುವರು ಎಂದು ವಿವರಿಸಿದರು.

ಜೈನ ಶಾಸ್ತ್ರವು ಸೇವಾರೂಪವಾದ ವೈಯಾವೃತ್ತ್ಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಎಣಿಸಿದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದೆ. ಈ ಎರಡನ್ನೂ ಕೂಡಿಸಿ ನೋಡಿದರೆ, ನಾಡಿಯನ್ನು ಎಣಿಸದೆಯೇ ಪಟ್ಟಿಯಲ್ಲಿ ಅಂಕಿ ಬರೆಯುವುದು ಸಣ್ಣ ಲೋಪವೆನಿಸದು. ಆದರೆ ಅದರ ಹೊಣೆ ದಾದಿಯೊಬ್ಬಳದೇ ಅಲ್ಲ. ಎಣಿಸಲು ಬಿಡುವೇ ಇಲ್ಲದಷ್ಟು ಹಾಸಿಗೆಗಳನ್ನು ಒಬ್ಬಳಿಗೆ ವಹಿಸಿ, ಖರ್ಚು ಉಳಿಯಿತೆಂದು ಲೆಕ್ಕ ಬರೆಯುವ ಆಡಳಿತವೂ ಆ ಪ್ರಮಾದದಲ್ಲಿ ಪಾಲುದಾರನೇ ಸರಿ.