ಪ್ರಾಣಾಯಾಮಕ್ಕೆ ಕಿಟಕಿ ಬೇಕೆ?

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಇನ್‌ಫ್ಲುಯೆಂಜಾ ಹಾವಳಿಯ ನಡುವೆ ಹುಟ್ಟಿ, ಚಿಕ್ಕಂದಿನಲ್ಲೇ ಕ್ಷಯದಿಂದ ನರಳಿ, 1937ರಲ್ಲಿ ಪುಣೆಗೆ ಹೋದ ಬಿ.ಕೆ.ಎಸ್. ಅಯ್ಯಂಗಾರ್ ಅಲ್ಲಿಯೇ ನೆಲೆನಿಂತು ಅರ್ಧ ಜಗತ್ತಿಗೆ ಉಸಿರಾಡುವುದನ್ನು ಕಲಿಸಿದರು. ಅಭ್ಯಾಸದ ಜಾಗ ಶುಚಿಯಾಗಿರಬೇಕು, ಚೆನ್ನಾಗಿ ಗಾಳಿಯಾಡುತ್ತಿರಬೇಕು, ಕ್ರಿಮಿಕೀಟಗಳ ಕಾಟ ಇರಬಾರದು ಎಂದು ಅವರು ತಮ್ಮ ಪುಸ್ತಕಗಳಲ್ಲಿ ಸೂಚನೆ ಕೊಟ್ಟಿದ್ದಾರೆ. ಪೂರಕ, ಕುಂಭಕ, ರೇಚಕಗಳತ್ತ ಧಾವಿಸುವ ಓದುಗರು ಸಾಮಾನ್ಯವಾಗಿ ಕಣ್ಣಾಡಿಸಿ ಬಿಡುವ ಸಾಲುಗಳಿವು. ಅದೇ ಪುಣೆಯಲ್ಲಿ ಪರ್ವತಿ ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಜನತಾ ವಸಾಹತ್ ಇದೆ, ಯೆರವಡದ ಇಕ್ಕಟ್ಟಾದ ಓಣಿಗಳಿವೆ, ಕಲಬುರಗಿ, ಯಾದಗಿರಿ ಕಡೆಯಿಂದ ಗುಳೆ ಹೋದ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳಿವೆ. ಸೈಟಿನ ಕೆಲಸ ಮುಗಿದೊಡನೆ ಕಳಚಿ ಇನ್ನೊಂದು ಸೈಟಿಗೆ ಸಾಗಿಸುವ ಮನೆಗಳವು. ಆ ಮೂರು ಷರತ್ತುಗಳಲ್ಲಿ ಒಂದನ್ನೂ ಪೂರೈಸಲಾಗದ ಕೋಣೆಗಳು ಇಲ್ಲಿ ಸಾಲುಸಾಲಾಗಿವೆ. ಉಸಿರೇ ಪ್ರಾಣ, ಪ್ರಾಣವೇ ಬ್ರಹ್ಮ ಎಂದು ಸಾರುವ ಪರಂಪರೆಗೆ ಈ ಕೋಣೆಗಳೊಳಗಿನ ಗಾಳಿಯ ಬಗ್ಗೆ ಏನಾದರೂ ಹೊಣೆಯಿದೆಯೇ, ಅಥವಾ ಅದು ಬರೀ ಎಂಜಿನಿಯರನ ಪಾಡೇ? ಹೊಣೆ ಇದೆ ಎಂಬುದು ನನ್ನ ವಾದ. ಅದು ಒಳಗಿರುವವರ ಮೇಲೆ ಬೀಳುವುದಕ್ಕಿಂತ ಮೊದಲು ಗೋಡೆಯಾಚೆ ಇರುವವರ ಮೇಲೆ ಬೀಳುತ್ತದೆ.

ಮೊದಲು ಲೆಕ್ಕ ನೋಡೋಣ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಜೋಪಡಿಯಲ್ಲಿ ಹಿಡಿಯುವ ಗಾಳಿ 800 ಘನ ಅಡಿ, ಅಂದರೆ 23 ಘನ ಮೀಟರಿಗೂ ಕಡಿಮೆ. ಅದರಲ್ಲಿ ಐದು ಜನ ಮಲಗಿ, ಒಂದು ಬಿರುಕೂ ಇಲ್ಲದಂತೆ ಬಾಗಿಲು ಮುಚ್ಚಿದರೆ, ಒಂದೇ ಗಂಟೆಯಲ್ಲಿ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಗಿನದರ ಹಲವು ಪಟ್ಟಾಗುತ್ತದೆ. ಆ ಮಟ್ಟದಲ್ಲಿ ಅದು ಕೊಲ್ಲುವ ವಿಷವಲ್ಲ. ಆದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಷ್ಟು ಎಳೆದುಕೊಳ್ಳುತ್ತಿದ್ದಾರೆ ಎಂಬುದಕ್ಕೆ ಅದು ನಂಬಬಹುದಾದ ಅಳತೆ. 1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ರಿಚರ್ಡ್ ರೈಲಿ ಮತ್ತು ಸಂಗಡಿಗರು ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಹಾಯಿಸಿ ಗಿನಿಯಿಲಿಗಳಿದ್ದ ಕೋಣೆಗೆ ಬಿಟ್ಟರು. ರೋಗಿಗಳನ್ನು ಮುಟ್ಟದ, ಕಾಣದ ಆ ಪ್ರಾಣಿಗಳಿಗೂ ಕ್ಷಯ ತಗಲಿತು. ಹಂಚಿಕೊಂಡ ಗಾಳಿಯೇ ಹಂಚಿಕೊಂಡ ರೋಗ ಎಂಬುದು ಅಲ್ಲಿಗೆ ಖಚಿತವಾಯಿತು. ಇದಕ್ಕೆ ಪರಿಹಾರವೇನೋ ಸರಳ: ಗಾಳಿ ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಇನ್ನೊಂದು. ಬಿಸಿಗಾಳಿ ಮೇಲೇರುವುದರಿಂದ ಹೋಗುವ ದಾರಿ ಎತ್ತರದಲ್ಲಿರಬೇಕು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳ ಬೆಳಕಿಂಡಿ ಮಾಡುತ್ತಿದ್ದ ಕೆಲಸವೇ ಅದು. ತಗಡಿನ ಮಾಡಿಗೆ ಕೂರಿಸುವ ತಿರುಗುವ ವೆಂಟಿಲೇಟರ್ ಇಂದು ಮಾಡುವುದೂ ಅದನ್ನೇ. ಸೀಲಿಂಗ್ ಫ್ಯಾನು ಇದ್ದ ಗಾಳಿಯನ್ನೇ ಸುತ್ತಿಸುತ್ತದೆ, ಹೊಸದನ್ನು ತರುವುದಿಲ್ಲ. ಆದರೆ ಮೂರು ಗೋಡೆಗಳನ್ನು ನೆರೆಮನೆಯವರೊಂದಿಗೆ ಹಂಚಿಕೊಂಡ ಕೋಣೆಯಲ್ಲಿ ಎರಡನೆಯ ದಾರಿಯನ್ನು ಎಲ್ಲಿ ತೆಗೆಯುವುದು? ಕೋಣೆಯ ವಿಸ್ತೀರ್ಣದ ಹತ್ತನೇ ಒಂದರಷ್ಟು ಕಿಟಕಿ ಎಂಬ ನಿಯಮ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಕಿಟಕಿಯ ಮುಂದೆ ಖಾಲಿ ಜಾಗ ಇಲ್ಲದಿದ್ದರೆ ಅದು ಗೋಡೆಯಲ್ಲಿ ಬರೆದ ಚಿತ್ರ, ಅಷ್ಟೆ. ಆ ಖಾಲಿ ಜಾಗವನ್ನು ಬಿಡಬೇಕಾದವನು ನೆರೆಯವನು, ಬಿಡಿಸಬೇಕಾದದ್ದು ನಗರ.

ತೈತ್ತಿರೀಯ ಉಪನಿಷತ್ತಿನ ಶಾಂತಿಪಾಠ ವಾಯುವನ್ನು ಕಣ್ಣಿಗೆ ಕಾಣುವ ಬ್ರಹ್ಮವೆಂದು ಕರೆದು ವಂದಿಸುತ್ತದೆ. ನಮ್ಮ ಜೇಡರ ದಾಸಿಮಯ್ಯ ನೆಲ, ಬೆಳೆಗಳ ಜೊತೆಗೆ ಬೀಸುವ ಗಾಳಿಯನ್ನೂ ಶಿವನ ದಾನದ ಪಟ್ಟಿಗೆ ಸೇರಿಸಿದ. ದಾನವೆಂದು ಒಪ್ಪಿದ ಮೇಲೆ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ: ಕೊಟ್ಟವನು ಎಲ್ಲರಿಗೂ ಕೊಟ್ಟದ್ದನ್ನು ನಡುವೆ ನಿಂತು ತಡೆಯುವವನಿದ್ದಾನೆ. ನೆಲಕ್ಕೆ, ನೀರಿಗೆ ಒಡೆಯರಿದ್ದಾರೆ. ಗಾಳಿಗೆ ಒಡೆಯರಿಲ್ಲ ಎಂದು ನಾವು ನೆಮ್ಮದಿಯಿಂದಿದ್ದೇವೆ. ನೆಲದ ಒಡೆತನವೇ ಗಾಳಿಯ ಒಡೆತನವೂ ಆಗುವ ಬಗೆಯನ್ನು ಪುಣೆಯ ಯಾವುದೇ ಜೋಪಡಪಟ್ಟಿ ತೋರಿಸಿಕೊಡುತ್ತದೆ.

ಇಲ್ಲಿ ಶಾಸ್ತ್ರ ಬಲ್ಲವರು ಒಂದು ಗಟ್ಟಿ ಆಕ್ಷೇಪ ಎತ್ತಬಹುದು. ಹಠಯೋಗ ಪ್ರದೀಪಿಕೆ ವರ್ಣಿಸುವ ಯೋಗಿಯ ಕುಟೀರಕ್ಕೆ ಬಾಗಿಲು ಚಿಕ್ಕದಾಗಿರಬೇಕು, ಕಿಂಡಿ ಬಿರುಕುಗಳು ಇರಕೂಡದು. ಪ್ರಾಣದ ವಿದ್ಯೆಯನ್ನೇ ಕಲಿಸುವ ಗ್ರಂಥ ಕಿಟಕಿಯಿಲ್ಲದ ಪುಟ್ಟ ಕೋಣೆಯನ್ನು ವಿಧಿಸಿರುವಾಗ ಗಾಳಿಯ ಧರ್ಮ ಎಲ್ಲಿಂದ ಬಂತು? ಈ ಆಕ್ಷೇಪವನ್ನು ತಳ್ಳಿಹಾಕುವ ಬದಲು ಅದೇ ಗ್ರಂಥವನ್ನು ಒಂದು ಶ್ಲೋಕ ಹಿಂದಕ್ಕೆ ಓದಬೇಕು. ಆ ಕುಟೀರ ಇರಬೇಕಾದದ್ದು ಏಕಾಂತದಲ್ಲಿ. ಅದರಿಂದ ಒಂದು ಬಿಲ್ಲಿನಷ್ಟು ದೂರದೊಳಗೆ ಬೆಂಕಿ ಇರಬಾರದು. ಊರು ಸುಭಿಕ್ಷವಾಗಿರಬೇಕು, ಉಪದ್ರವಗಳಿರಬಾರದು. ಎಲ್ಲಕ್ಕಿಂತ ಮೊದಲು, ಅದು ಒಳ್ಳೆಯ ಆಳ್ವಿಕೆಯ, ಧರ್ಮವುಳ್ಳ ನಾಡಾಗಿರಬೇಕು. ಅಂದರೆ ಒಬ್ಬನೇ ಮನುಷ್ಯ, ಒಲೆಯಿಲ್ಲ, ನೆರೆಯವರ ಕೆಮ್ಮಿಲ್ಲ, ಸುತ್ತ ಬಯಲು. ಐದು ಜನ, ಒಂದು ಸ್ಟೋವ್, ಮೂರು ಹಂಚಿಕೊಂಡ ಗೋಡೆಗಳ ಮನೆಗೆ ಆ ಕುಟೀರದ ಮಾದರಿ ಒಗ್ಗುವುದು ಹೇಗೆ? ಉಸಿರಿನ ಸಾಧನೆಗೆ ಕೂರುವ ಮುನ್ನ ಸುರಾಜ್ಯವನ್ನು ಕೇಳಿದ ಗ್ರಂಥಕಾರನಿಗೆ ನಗರಯೋಜನೆಯ ಮಹತ್ವ ನಮಗಿಂತ ಚೆನ್ನಾಗಿ ಗೊತ್ತಿತ್ತು ಎನಿಸುತ್ತದೆ.

ಎರಡನೆಯ ಆಕ್ಷೇಪ ಇತಿಹಾಸದ್ದು, ಪುಣೆಯದೇ. ಗಾಳಿ ಬೆಳಕಿನ ಹೆಸರಿನಲ್ಲಿ ಸರ್ಕಾರ ಮನೆಯೊಳಗೆ ಕಾಲಿಟ್ಟರೆ ಏನಾಗುತ್ತದೆ ಎಂಬುದನ್ನು ಈ ಊರು 1897ರ ಪ್ಲೇಗಿನಲ್ಲಿ ಕಂಡಿದೆ. ಡಬ್ಲ್ಯು.ಸಿ. ರ‍್ಯಾಂಡ್ ಅಧ್ಯಕ್ಷತೆಯ ಪ್ಲೇಗ್ ಸಮಿತಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿತು. ದೇವರಮನೆ, ಅಡುಗೆಮನೆ ಎನ್ನದೆ ಶೋಧ ನಡೆಯಿತು, ಜನರನ್ನು ಬಲವಂತದಿಂದ ಸಾಗಿಸಲಾಯಿತು. ಅದೇ ವರ್ಷದ ಜೂನ್ 22ರಂದು ಚಾಫೇಕರ್ ಸಹೋದರರ ಗುಂಡಿಗೆ ರ‍್ಯಾಂಡ್ ಗುರಿಯಾದ. ಕೆಟ್ಟ ಗಾಳಿ, ಕೊಳಕು ಮನೆಯೇ ರೋಗದ ಬೇರು ಎಂಬ ಹಳೆಯ ನಂಬಿಕೆ ಆಗ ಇನ್ನೂ ಗಟ್ಟಿಯಾಗಿತ್ತು. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ಪಾಲ್ ಲೂಯಿ ಸಿಮೊಂಡ್ ತೋರಿಸಿದ್ದು ಮರುವರ್ಷ. ಹೀಗೆ ವಿಜ್ಞಾನವೂ ಅರೆಬೆಂದಿತ್ತು, ಸಮ್ಮತಿಯೂ ಇರಲಿಲ್ಲ. ಈ ಆಕ್ಷೇಪಕ್ಕೆ ನಾನು ಬಹುಪಾಲು ತಲೆಬಾಗುತ್ತೇನೆ. ಒಬ್ಬರ ಗೋಡೆಯನ್ನು ಅವರನ್ನು ಕೇಳದೆ ಒಡೆಯುವುದು ಉಪಕಾರವಾಗಲಾರದು. ಆದರೆ ಇದರಿಂದ ಹೊರಡುವ ತೀರ್ಮಾನ ಸುಮ್ಮನಿರುವುದಲ್ಲ. ಆರಂಭಿಸಬೇಕಾದ ಕಡೆ ಬೇರೆ ಎಂಬುದು. ರ‍್ಯಾಂಡ್ ಬಡವನ ಮನೆಯ ಒಳಗನ್ನು ತಿದ್ದಲು ಹೋದ. ಧರ್ಮ ಕೇಳುವುದು ಆ ಮನೆಯ ಹೊರಗನ್ನು ತಿದ್ದು ಎಂದು.

ಇನ್ನು ಕೆಲವರು, ಕಿಟಕಿ ಇಟ್ಟುಕೊಟ್ಟರೂ ಜನ ಮುಚ್ಚಿಕೊಳ್ಳುತ್ತಾರಲ್ಲ ಎನ್ನುತ್ತಾರೆ. ಮುಚ್ಚುತ್ತಾರೆ, ನಿಜ. ಸೊಳ್ಳೆ ಬರುತ್ತದೆ, ಚರಂಡಿಯ ನಾತ ಬರುತ್ತದೆ, ಮೂರಡಿ ಓಣಿಯಲ್ಲಿ ಹಾದುಹೋಗುವವರ ಕಣ್ಣು ಮಲಗಿದ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಮುಚ್ಚಿದ ಮೇಲೆ ಒಳಗೆ ಸೊಳ್ಳೆಬತ್ತಿ ಹೊತ್ತಿಸುತ್ತಾರೆ. ಮುಚ್ಚಿದ ಕೋಣೆಯಲ್ಲಿ ಒಂದು ಸುರುಳಿ ಉರಿದರೆ ನೂರರ ಆಸುಪಾಸು ಸಿಗರೇಟಿನಷ್ಟು ಸೂಕ್ಷ್ಮ ಕಣಗಳು ಹೊರಡುತ್ತವೆ ಎಂದು ಎಚ್ಚರಿಸಿದ್ದು ಪುಣೆಯದೇ ಚೆಸ್ಟ್ ರಿಸರ್ಚ್ ಫೌಂಡೇಶನ್. ಇದನ್ನು ತಿಳಿವಳಿಕೆಯ ಕೊರತೆ ಎನ್ನುವುದು ಅನ್ಯಾಯ. ಡೆಂಗ್ಯೂ, ಮಾನಹಾನಿ, ಹೊಗೆ ಈ ಮೂರರಲ್ಲಿ ಒಂದನ್ನು ಆರಿಸಿಕೊ ಎಂದರೆ ಹೊಗೆಯನ್ನು ಆರಿಸಿಕೊಳ್ಳುವುದು ಅವಿವೇಕವೇನಲ್ಲ. ಜಾಲರಿ ಬಡಿದ, ತಲೆಗಿಂತ ಎತ್ತರದ ಕಿಂಡಿ ಈ ಕಗ್ಗಂಟನ್ನು ಅರ್ಧ ಬಿಡಿಸುತ್ತದೆ; ಅಡುಗೆ ಮೂಲೆಗೊಂದು ಎಕ್ಸಾಸ್ಟ್ ಫ್ಯಾನ್ ಇನ್ನಷ್ಟು. ಉಳಿದದ್ದು ಚರಂಡಿಗೂ ಓಣಿಗೂ ಸೇರಿದ್ದು, ಆ ಮನೆಯಾಕೆಯ ಕೈ ಮೀರಿದ್ದು.

ಸಂತೋಷವೂ ಒಂದು ನಿಯಮ, ಇದ್ದುದರಲ್ಲೇ ತೃಪ್ತಿ ಪಡಬೇಕು ಎನ್ನುವವರಿಗೆ ಉತ್ತರ ಚಿಕ್ಕದು: ಪತಂಜಲಿ ಆ ನಿಯಮವನ್ನು ಸಾಧಕ ತನ್ನ ಮೇಲೆ ತಾನು ಹೇರಿಕೊಳ್ಳಲೆಂದು ಇಟ್ಟ. ಅದನ್ನು ಪಕ್ಕದ ಮನೆಯವನಿಗೆ ಉಪದೇಶಿಸುವ ಸೂತ್ರ ಎಲ್ಲೂ ಇಲ್ಲ.

ಹೊರಗನ್ನು ತಿದ್ದುವುದು ಸಾಧ್ಯವೇ? ಯೆರವಡದಲ್ಲಿ ಕೇಂದ್ರದ ನಗರ ನವೀಕರಣ ಯೋಜನೆಯಾದ ನರ್ಮ್ ಅಡಿ, ಮಹಿಳಾ ಮಿಲನ್ ಸಂಘಟನೆಯ ಹೆಂಗಸರೂ ವಾಸ್ತುಶಿಲ್ಪಿ ಪ್ರಸನ್ನ ದೇಸಾಯಿಯವರೂ ಸೇರಿ, ಜನರನ್ನು ಒಕ್ಕಲೆಬ್ಬಿಸದೆ ಹಳೆಯ ಜಾಗದಲ್ಲೇ ಕಚ್ಚಾ ಮನೆಗಳನ್ನು 270 ಚದರಡಿಯ ಪಕ್ಕಾ ಮನೆಗಳಾಗಿ ಮತ್ತೆ ಕಟ್ಟಿದರು. ಅಂಥ ಕೆಲಸದಲ್ಲಿ ಇಟ್ಟಿಗೆ ಸಿಮೆಂಟಿಗಿಂತ ಕಷ್ಟದ್ದು ಗೋಡೆ ಎಲ್ಲಿಗೆ ನಿಲ್ಲಬೇಕು ಎಂಬ ಮಾತುಕತೆ. ಹೊಟ್ಟೆಗಿಲ್ಲದವನು ಅನ್ನ ಹಂಚಿದರೆ ನಾವು ಕೈಮುಗಿಯುತ್ತೇವೆ. ಜಾಗವಿಲ್ಲದವನು ಓಣಿಗಾಗಿ ಒಂದಡಿ ಹಿಂದೆ ಸರಿದರೆ ಅದೂ ಆ ಸಾಲಿನದೇ ದಾನ. ಇದಕ್ಕೆ ತದ್ವಿರುದ್ಧ ಚಿತ್ರ ಮುಂಬೈಯ ಗೋವಂಡಿಯಲ್ಲಿದೆ. ಅಲ್ಲಿನ ನಟವರ್ ಪಾರೇಖ್ ಕಾಂಪೌಂಡಿನ ಪುನರ್ವಸತಿ ಕಟ್ಟಡಗಳ ನಡುವಿನ ಅಂತರ ಸುಮಾರು ಮೂರು ಮೀಟರ್. ಗಾಳಿ ಬೆಳಕು ಕಡಿಮೆಯಾದ ಮನೆಗಳಲ್ಲಿ ಕ್ಷಯ ಹೆಚ್ಚು ಎಂದು 2018ರಲ್ಲಿ ಹೊರಬಂದ ಅಧ್ಯಯನ ಹೇಳಿತು. ಜೋಪಡಿಯಿಂದ ಬಿಡಿಸಿ ಪಕ್ಕಾ ಮನೆ ಕೊಟ್ಟವರೇ ಉಸಿರನ್ನು ಕಿತ್ತುಕೊಂಡಂತಾಯಿತು, ಅದೂ ಕಾನೂನುಬದ್ಧವಾಗಿ. ಪುಣೆಯಲ್ಲೂ ಜೋಪಡಪಟ್ಟಿಗಳ ಜಾಗದಲ್ಲಿ ಬಹುಮಹಡಿ ಪುನರ್ವಸತಿ ಕಟ್ಟಡಗಳು ಏಳುತ್ತಿವೆ. ನಗರದ ಕರಡು ಯೋಜನೆ ಪ್ರಕಟವಾದಾಗ ಆಕ್ಷೇಪ ಸಲ್ಲಿಸಲು ಕಾನೂನು ಎಲ್ಲರಿಗೂ ಅವಕಾಶ ಕೊಟ್ಟಿದೆ. ವಾಯುವನ್ನು ಬ್ರಹ್ಮವೆಂದು ಪಾರಾಯಣ ಮಾಡುವ ಮಠಗಳು, ಪ್ರಾಣಾಯಾಮ ಶಿಬಿರ ನಡೆಸುವ ಯೋಗಶಾಲೆಗಳು, ಗಾಳಿಯನ್ನು ಶಿವನ ದಾನವೆನ್ನುವ ಶರಣ ಬಳಗಗಳು ಎರಡು ಕಟ್ಟಡಗಳ ನಡುವೆ ಎಷ್ಟು ಮೀಟರ್ ಬಿಡಬೇಕು ಎಂಬ ಬಗ್ಗೆ ತಮ್ಮ ಮೊಹರು ಒತ್ತಿದ ಒಂದು ಅರ್ಜಿಯನ್ನು ಅಲ್ಲಿಗೆ ಏಕೆ ಕೊಡಬಾರದು?